ಕಲ್ಲಿದ್ದಲು ಹಡಗಿನ ಹದಿನಾಲ್ಕು ವರ್ಷ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ, 1768ರಿಂದ 1771ರವರೆಗೆ ವಿಜ್ಞಾನಿಗಳೊಂದಿಗೆ ಪೆಸಿಫಿಕ್ ಸಾಗರಕ್ಕೆ ಹೋಗಿಬಂದ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಜೇಮ್ಸ್ ಕುಕ್‌ನ ‘ಎಂಡೆವರ್’ ಹಡಗಿನ ಬಗ್ಗೆ ನಾಲ್ಕು ಸಾಲಿನ ಟಿಪ್ಪಣಿಯೊಂದಿತ್ತು. ‘ಇದು ಮೊದಲು ಅರ್ಲ್ ಆಫ್ ಪೆಂಬ್ರೋಕ್ ಎಂಬ ಹೆಸರಿನ, ಕಲ್ಲಿದ್ದಲು ಸಾಗಿಸುವ ವ್ಯಾಪಾರಿ ಹಡಗಾಗಿತ್ತು’ ಎಂಬ ಮಾತು ಅದರಲ್ಲಿ ಬಂದಿತ್ತು. ಆ ಒಂದು ವಾಕ್ಯವನ್ನು ಹಿಡಿದು ಹಲವರು ಬರೆದಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ವಿಜ್ಞಾನಿಗಳನ್ನು ಭೂಮಿಯ ಆ ತುದಿಗೆ ಕಳಿಸಲು ನೌಕಾಪಡೆಯಲ್ಲಿ ಒಳ್ಳೆಯ ಹಡಗೇ ಇರಲಿಲ್ಲವೇ? ಕಲ್ಲಿದ್ದಲು ಹೊರುವ ಹಡಗನ್ನು ಏಕೆ ಕೊಂಡರು? ಕುಕ್‌ನೇ ಆರಿಸಿದ್ದೇ? (ಶಿವಮೊಗ್ಗ)

ಕುಕ್ ಆರಿಸಿದ್ದಲ್ಲ. ಹಲವು ಕಡೆ ಹಾಗೆ ಬರೆದಿರುತ್ತಾರೆ, ಆದರೆ ತಾರೀಖುಗಳು ಅದಕ್ಕೆ ಹೊಂದುವುದಿಲ್ಲ. ನೌಕಾಪಡೆ ಈ ಹಡಗನ್ನು ಕೊಂಡದ್ದು 1768ರ ಮಾರ್ಚ್‌ನಲ್ಲಿ. ಕುಕ್‌ನ ನೇಮಕವಾದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಹಾಗೆಂದು ಅವನಿಗೆ ಈ ಜಾತಿಯ ಹಡಗು ಹೊಸದೇನಲ್ಲ. 1746ರಲ್ಲಿ ವಿಟ್ಬಿ ಊರಿನ ಜಾನ್ ವಾಕರ್ ಎಂಬ ಹಡಗು ಮಾಲೀಕನ ಬಳಿ ಕೆಲಸ ಕಲಿಯಲು ಸೇರಿದವನು ಅವನು. ಸಮುದ್ರ ಕಲಿತದ್ದೇ ಕಲ್ಲಿದ್ದಲು ಹಡಗುಗಳ ಮೇಲೆ.

ಯುದ್ಧನೌಕೆಗಳಿಗೇನೂ ಕೊರತೆಯಿರಲಿಲ್ಲ. ಆದರೆ ಯುದ್ಧನೌಕೆಯ ಒಡಲು ಕೆಳಗೆ ಹೋಗುತ್ತ ಚೂಪಾಗುತ್ತದೆ. ವೇಗಕ್ಕೆ ಅದು ಒಳ್ಳೆಯದು, ಸರಕಿಗೆ ಕೆಟ್ಟದ್ದು. ಅದರ ಅರ್ಧ ಜಾಗ ಫಿರಂಗಿಗಳಿಗೆ, ಉಳಿದರ್ಧ ಅವನ್ನು ಹಾರಿಸುವ ನೂರಾರು ಜನರಿಗೆ. ಈ ಪ್ರಯಾಣಕ್ಕೆ ಬೇಕಾಗಿದ್ದುದು ಸುಮಾರು ನೂರು ಮಂದಿಗೆ ಹದಿನೆಂಟು ತಿಂಗಳಿಗೂ ಮೀರಿ ಸಾಲುವ ಊಟ ಹಿಡಿಸುವ ಒಡಲು. ಜೊತೆಗೆ, ನಕ್ಷೆಯೇ ಇಲ್ಲದ ತೀರದಲ್ಲಿ ತಳ ತಾಗಿದರೂ ಮಗುಚಿಕೊಳ್ಳದ, ಬಂದರಿಲ್ಲದ ಕಡೆ ದಡಕ್ಕೆ ಎಳೆದು ರಿಪೇರಿ ಮಾಡಬಹುದಾದ ಹಡಗು. ಅಗಲ ಮೂತಿ, ಹೆಚ್ಚುಕಡಿಮೆ ಚಪ್ಪಟೆ ತಳ, ಪೆಟ್ಟಿಗೆಯಂಥ ಒಡಲು: ವಿಟ್ಬಿಯ ಬಡಗಿಗಳು ಕಲ್ಲಿದ್ದಲು ವ್ಯಾಪಾರಕ್ಕಾಗಿ ರೂಢಿಸಿಕೊಂಡಿದ್ದ ಆಕಾರವೇ ಇದು. ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ಆ ಊರಿನಲ್ಲಿ, ಥಾಮಸ್ ಫಿಶ್‌ಬರ್ನ್‌ನ ಕಟ್ಟೆಯಿಂದ 1764ರಲ್ಲಿ ನೀರಿಗಿಳಿದ ಹಡಗಿದು. ನೌಕಾಪಡೆ ಕೊಂಡಾಗ ಅದಕ್ಕೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಕುಕ್‌ನ ಮುಂದಿನ ಪ್ರಯಾಣಗಳ ‘ರೆಸಲ್ಯೂಷನ್’ ಮತ್ತು ‘ಅಡ್ವೆಂಚರ್’ ಕೂಡ ವಿಟ್ಬಿಯಲ್ಲೇ ಕಟ್ಟಿದ ವ್ಯಾಪಾರಿ ಹಡಗುಗಳು. ಆಯ್ಕೆ ಸರಿಯಾಗಿತ್ತು ಎನ್ನಲು ಅಷ್ಟು ಸಾಕು.

ಬೆಲೆ ತೆತ್ತದ್ದು ವೇಗದಲ್ಲಿ. ಗಾಳಿ ಎಷ್ಟೇ ಚೆನ್ನಾಗಿದ್ದರೂ ಗಂಟೆಗೆ ಏಳೆಂಟು ಸಮುದ್ರಮೈಲಿ (ನಾಟ್) ದಾಟುವುದು ಕಷ್ಟವಾಗಿತ್ತು.

ಪ್ರಶ್ನೆ: ಕಲ್ಲಿದ್ದಲನ್ನು ತುಂಬುವುದು, ಇಳಿಸುವುದು ಹೇಗೆ ನಡೆಯುತ್ತಿತ್ತು? ಆಗ ಕ್ರೇನು, ಬೆಲ್ಟು ಏನೂ ಇರಲಿಲ್ಲವಲ್ಲ? (ಹೊಸಪೇಟೆ)

ಇದ್ದದ್ದು ಸಲಿಕೆ, ಬುಟ್ಟಿ ಮತ್ತು ಹಗ್ಗ. ಕಲ್ಲಿದ್ದಲು ಬರುತ್ತಿದ್ದುದು ಇಂಗ್ಲೆಂಡಿನ ಈಶಾನ್ಯ ಭಾಗದ ಟೈನ್ ನದಿಯ ಆಚೀಚಿನ ಗಣಿಗಳಿಂದ. ಗಣಿಯಿಂದ ನದಿಯ ದಂಡೆಯವರೆಗೆ ಮರದ ಹಳಿಗಳ ಮೇಲೆ ಕುದುರೆ ಎಳೆಯುವ ಗಾಡಿ. ಅಲ್ಲಿಂದ ಚಪ್ಪಟೆ ತಳದ ದೋಣಿ. ಈ ದೋಣಿಯನ್ನು ಅಲ್ಲಿನವರು ‘ಕೀಲ್’ ಎಂದೇ ಕರೆಯುತ್ತಿದ್ದರು. ಹಡಗಿನ ಅಡಿಮರಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರಿರುವುದರಿಂದ ಓದುವಾಗ ಗೊಂದಲವಾಗುತ್ತದೆ. ಹಡಗುಗಳು ನದಿಯ ಬಾಯಲ್ಲಿ ಕಾಯುತ್ತಿದ್ದವು. ದೋಣಿ ಇಳಿತದ ಜೊತೆ ಕೆಳಗಿಳಿದು ಬಂದು ಹಡಗಿನ ಪಕ್ಕಕ್ಕೆ ನಿಲ್ಲುವುದು. ದೋಣಿಯವರು ತಲೆಗಿಂತ ಎತ್ತರದ ಕಿಂಡಿಯೊಳಕ್ಕೆ ಸಲಿಕೆಯಲ್ಲಿ ಕಲ್ಲಿದ್ದಲನ್ನು ಎಸೆಯುತ್ತಿದ್ದರು.

ಅಳತೆ ‘ಚಾಲ್ಡ್ರನ್’ ಲೆಕ್ಕದಲ್ಲಿ. ಟೈನ್ ದಂಡೆಯ ನ್ಯೂಕ್ಯಾಸಲ್‌ನ ಒಂದು ಚಾಲ್ಡ್ರನ್ ಎಂದರೆ 53 ಹಂಡ್ರೆಡ್‌ವೇಟ್, ನಮ್ಮ ಲೆಕ್ಕದಲ್ಲಿ ಸುಮಾರು 2,690 ಕಿಲೋ. ಒಂದು ದೋಣಿಗೆ ಎಂಟು ಚಾಲ್ಡ್ರನ್, ಅಂದರೆ ಇಪ್ಪತ್ತೊಂದೂವರೆ ಟನ್. ಹಡಗಿಗೆ 340 ಟನ್ ತುಂಬಬೇಕೆಂದರೆ ಹದಿನಾರು ದೋಣಿ ಬರಬೇಕು. ಅಷ್ಟನ್ನೂ ಮನುಷ್ಯರ ತೋಳೇ ಮೇಲೆತ್ತಬೇಕು. ಲಂಡನ್ನಿನ ಚಾಲ್ಡ್ರನ್ ಮಾತ್ರ ಬೇರೆ. ಅದು ತೂಕವಲ್ಲ, 36 ಬುಷೆಲ್‌ಗಳ ಗಾತ್ರದ ಅಳತೆ, ನ್ಯೂಕ್ಯಾಸಲ್‌ನದಕ್ಕಿಂತ ಬಹಳ ಸಣ್ಣದು. ಅದೇ ಹೆಸರಿನ ಎರಡು ಅಳತೆಗಳನ್ನು ಒಂದೆಂದು ತಿಳಿದವರು ಹಳೆಯ ವ್ಯಾಪಾರದ ಅಂಕಿ ಅಂಶಗಳನ್ನು ಸುಮಾರು ಎರಡುಪಟ್ಟು ತಪ್ಪಾಗಿ ಓದುತ್ತಾರೆ.

ಥೇಮ್ಸ್ ನದಿಯಲ್ಲಿ ಇಳಿಸುವಾಗ ಒಡಲೊಳಗೆ ಇಳಿದ ಕೂಲಿಯವರು ಬುಟ್ಟಿಗೆ ತುಂಬಿ, ಹಗ್ಗದಿಂದ ಮೇಲೆಳೆದು, ಪಕ್ಕದ ದೋಣಿಗೆ ಸುರಿಯಬೇಕು. ಸಣ್ಣ ಊರುಗಳಿಗೆ ಹೋದಾಗ ಇನ್ನೂ ಸರಳ ವಿಧಾನವೊಂದಿತ್ತು. ಉಬ್ಬರದಲ್ಲಿ ಹಡಗನ್ನು ಮರಳಿನ ಮೇಲೆ ತಂದು ನಿಲ್ಲಿಸುವುದು, ನೀರು ಇಳಿದ ಮೇಲೆ ಗಾಡಿಗಳನ್ನು ಹಡಗಿನ ಪಕ್ಕಕ್ಕೇ ತಂದು ತುಂಬುವುದು, ಮುಂದಿನ ಉಬ್ಬರಕ್ಕೆ ಹೊರಡುವುದು. ಚಪ್ಪಟೆ ತಳ ಇಲ್ಲದಿದ್ದರೆ ಹಡಗು ಪಕ್ಕಕ್ಕೆ ಒರಗಿ ಪಕ್ಕೆ ಮುರಿದುಕೊಳ್ಳುತ್ತದೆ.

ವಾಪಸಾಗುವಾಗ ಸರಕಿಲ್ಲ. ಹಾಗಾಗಿ ಮರಳು, ಜಲ್ಲಿ ತುಂಬಿಕೊಂಡು ಬರಬೇಕು, ಇಲ್ಲದಿದ್ದರೆ ಖಾಲಿ ಒಡಲು ಗಾಳಿಗೆ ಉರುಳುತ್ತದೆ. ಟೈನ್ ದಂಡೆಯಲ್ಲಿ ಹೀಗೆ ತಂದು ಸುರಿದ ಮರಳೇ ಗುಡ್ಡಗಳಾಗಿ ಬೆಳೆದವು. ದಾರಿಯ ದೊಡ್ಡ ಗಂಡಾಂತರ ಬಿರುಗಾಳಿಗಿಂತ ಹೆಚ್ಚಾಗಿ ನಾರ್ಫೋಕ್‌ನಿಂದ ಥೇಮ್ಸ್ ಬಾಯಿಯವರೆಗೆ ಹರಡಿದ ಮರಳದಿಬ್ಬಗಳು. ಅವು ಜಾಗ ಬದಲಿಸುತ್ತಲೇ ಇರುತ್ತವೆ. ಹಡಗಿನ ಮುಂದೆ ಸೀಸದ ಗುಂಡಿನ ದಾರ ಬಿಟ್ಟು, ಆಳ ಎಷ್ಟು ಮಾರು ಎಂದು ಕೂಗುತ್ತಲೇ ಹೋಗಬೇಕು. ಈ ಗಾತ್ರದ ಹಡಗಿಗೆ ಇಪ್ಪತ್ತರ ಆಸುಪಾಸಿನ ಜನ ಸಾಕಿತ್ತು, ಅವರಲ್ಲಿ ಬಹಳಷ್ಟು ಮಂದಿ ಕೆಲಸ ಕಲಿಯುವ ಹುಡುಗರು.

ಪ್ರಶ್ನೆ: ‘368 ಟನ್ ಹಡಗು’ ಎಂದರೆ ಅದರ ತೂಕವೇ? ಕಾರವಾರಕ್ಕೆ ಮೆಣಸಿಗಾಗಿ ಬರುತ್ತಿದ್ದ ಕಂಪನಿ ಹಡಗುಗಳೂ ಇಂಥವೇ? (ಕಾರವಾರ)

ತೂಕವಲ್ಲ, ಸರಕು ಎಷ್ಟು ಹಿಡಿಯಬಹುದು ಎಂಬ ಅಂದಾಜು. ಬಂದರು ಸುಂಕ, ಬಾಡಿಗೆ, ಮಾರಾಟ ಎಲ್ಲಕ್ಕೂ ಅದೇ ಆಧಾರ. ಲೆಕ್ಕ ಹೀಗಿದೆ: ಅಳತೆಗೆಂದು ನಿಗದಿ ಮಾಡಿದ ಅಡಿಮರದ ಉದ್ದವನ್ನು ಹಡಗಿನ ಅಗಲದಿಂದ ಗುಣಿಸಿ, ಬಂದದ್ದನ್ನು ಅಗಲದ ಅರ್ಧದಿಂದ ಗುಣಿಸಿ, 94ರಿಂದ ಭಾಗಿಸಬೇಕು. ಈ ಹಡಗಿನ ಲೆಕ್ಕದ ಅಡಿಮರ ಸುಮಾರು 81 ಅಡಿ, ಅಗಲ 29 ಅಡಿಗಿಂತ ಸ್ವಲ್ಪ ಹೆಚ್ಚು. ಲೆಕ್ಕ ಹಾಕಿದರೆ 368ರ ಹತ್ತಿರ ಬರುತ್ತದೆ. ಆಳವನ್ನು ಅಳೆಯುವುದೇ ಇಲ್ಲ, ಅಗಲದ ಅರ್ಧವೇ ಆಳ ಎಂದು ಹಿಡಿಯುತ್ತಾರೆ ಎಂಬುದನ್ನು ಗಮನಿಸಿ. ಹಾಗಾಗಿ ಮಾಲೀಕರು ಅಗಲ ಕಡಿಮೆ ಮಾಡಿ ಆಳ ಹೆಚ್ಚಿಸಿದರೆ ಸುಂಕ ಕಡಿಮೆ, ಸರಕು ಹೆಚ್ಚು. ಬಹಳ ಕಾಲ ಇಂಗ್ಲಿಷ್ ವ್ಯಾಪಾರಿ ಹಡಗುಗಳ ಆಕಾರ ಕೆಡಲು ಈ ಸೂತ್ರವೇ ಕಾರಣ.

ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಬೇರೆ ಜಾತಿ: ದೊಡ್ಡವು, ಫಿರಂಗಿ ಹೊತ್ತವು, ಯುದ್ಧನೌಕೆಯ ಛಾಯೆಯವು. ಆ ಕಾಲದಲ್ಲಿ ಹೆಚ್ಚಿನವು ಕಂಪನಿಯ ಸ್ವಂತದವಲ್ಲ, ಖಾಸಗಿ ಮಾಲೀಕರಿಂದ ಪ್ರಯಾಣದ ಲೆಕ್ಕದಲ್ಲಿ ಬಾಡಿಗೆಗೆ ಪಡೆದವು. 500 ಟನ್ ಅಥವಾ ಅದಕ್ಕೂ ದೊಡ್ಡ ಹಡಗಿನಲ್ಲಿ ಪಾದ್ರಿಯೊಬ್ಬ ಇರಲೇಬೇಕೆಂಬ ನಿಯಮವಿದ್ದುದರಿಂದ, ಹದಿನೆಂಟನೇ ಶತಮಾನದ ಮಧ್ಯಭಾಗದವರೆಗೂ ಕಾಗದದ ಮೇಲೆ 499 ಟನ್ ಎಂದೇ ಬಾಡಿಗೆಗೆ ಬಿಡುತ್ತಿದ್ದರು. ಕಾರವಾರದಲ್ಲಿ ಇಂಗ್ಲಿಷರ ಕೋಠಿ ಶುರುವಾದದ್ದು 1638ರಲ್ಲಿ. ಎಂಡೆವರ್ ಮಾತ್ರ ನಮ್ಮ ತೀರಕ್ಕೆ ಬಂದದ್ದೇ ಇಲ್ಲ. ಬಟಾವಿಯಾ, ಅಂದರೆ ಇಂದಿನ ಜಕಾರ್ತಾದಿಂದ ಅದು ನೇರವಾಗಿ ಆಫ್ರಿಕದ ತುದಿಗೆ ಹೊರಟುಹೋಯಿತು.

ಪ್ರಶ್ನೆ: ನಮ್ಮ ಕಡೆ ಮರದ ದೋಣಿಗೆ ಮೀನೆಣ್ಣೆ, ಗೇರುಬೀಜದ ಎಣ್ಣೆ ಬಳಿಯುತ್ತಾರೆ. ಮೂರು ವರ್ಷ ನೀರಲ್ಲೇ ಇದ್ದ ಆ ಹಡಗು ಹುಳದಿಂದ ಹೇಗೆ ಉಳಿಯಿತು? ತಾಮ್ರ ಹೊದಿಸಿದ್ದರೇ? (ಕುಂದಾಪುರ)

ತಾಮ್ರ ಹೊದಿಸಿರಲಿಲ್ಲ. ಉಳಿದದ್ದೂ ಕೂದಲೆಳೆಯ ಅಂತರದಲ್ಲಿ.

ಮೊದಲು ಹುಳದ ವಿಷಯ. ಟೆರೆಡೊ ಎನ್ನುವ ಈ ಜೀವಿ ನಿಜಕ್ಕೂ ಹುಳವಲ್ಲ, ಮರುವಾಯಿ, ಕಪ್ಪೆಚಿಪ್ಪುಗಳ ಬಳಗದ್ದು. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತು ಕೊರೆದು ಹಲಗೆಯೊಳಗೆ ಸೇರುತ್ತದೆ. ಆಮೇಲೆ ಮರದ ಎಳೆಗುಂಟ ಕೊರೆಯುತ್ತ ಒಳಗೇ ಬೆಳೆಯುತ್ತದೆ. ಹೊರಗಿನಿಂದ ನೋಡಿದರೆ ಹಲಗೆ ಗಟ್ಟಿಯಾಗಿಯೇ ಕಾಣುತ್ತದೆ, ಒಳಗೆ ಜೇನುಗೂಡಾಗಿರುತ್ತದೆ. ಬೆಚ್ಚಗಿನ ಉಪ್ಪುನೀರಿನಲ್ಲಿ ಇದರ ಹಾವಳಿ ಹೆಚ್ಚು. ಸಿಹಿನೀರಿನಲ್ಲಿ ಬಹುಕಾಲ ಬದುಕುವುದಿಲ್ಲವಾದ್ದರಿಂದ ಹಡಗನ್ನು ಕೆಲವು ವಾರ ನದಿಯೊಳಗೆ ತಂದು ನಿಲ್ಲಿಸುವ ರೂಢಿ ಹಲವು ಕಡೆ ಇತ್ತು. ನಿಮ್ಮ ಕಡೆಯ ಎಣ್ಣೆ ಕೆಲಸ ಮಾಡಲು ಮುಖ್ಯ ಕಾರಣ, ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದು ಒಣಗಿಸಿ ಮತ್ತೆ ಮತ್ತೆ ಬಳಿಯಲು ಸಾಧ್ಯವಾಗುವುದು. ವರ್ಷಗಟ್ಟಲೆ ತೇಲುತ್ತಲೇ ಇರುವ ಹಡಗಿಗೆ ಆ ದಾರಿಯಿಲ್ಲ.

ಹೊರಡುವ ಮೊದಲು ಲಂಡನ್ನಿನ ಡೆಟ್‌ಫೋರ್ಡ್ ಹಡಗುಕಟ್ಟೆಯಲ್ಲಿ ಮಾಡಿದ್ದು ಇಷ್ಟು: ಓಕ್ ಹಲಗೆಯ ಮೂಲ ಮೈಮೇಲೆ ತೆಳುವಾದ ಇನ್ನೊಂದು ಹಲಗೆಯ ಪದರ ಹೊಡೆದರು. ಇಂಥ ಕೆಲಸದಲ್ಲಿ ಎರಡು ಪದರಗಳ ನಡುವೆ ಡಾಂಬರು ಮತ್ತು ಪ್ರಾಣಿಗಳ ಕೂದಲು ಕಲಸಿ ತುಂಬುವುದು ರೂಢಿ. ಹೊರಪದರದ ತುಂಬ ಅಗಲ ತಲೆಯ ಕಬ್ಬಿಣದ ಮೊಳೆಗಳನ್ನು ಒತ್ತೊತ್ತಾಗಿ ಹೊಡೆದರು. ಮೊಳೆಗಳು ತುಕ್ಕು ಹಿಡಿದು ಒಂದಕ್ಕೊಂದು ಕೂಡಿಕೊಂಡರೆ ಹುಳಕ್ಕೆ ಹಲ್ಲು ಹಾಕಲಾಗದ ಚಿಪ್ಪಾಗುತ್ತದೆ. ಹುಳ ಹೊರಪದರ ತಿನ್ನಲಿ, ಒಳಗಿನದು ಉಳಿಯಲಿ ಎಂಬುದು ಲೆಕ್ಕ.

ತಾಮ್ರದ ಪ್ರಯೋಗ ನೌಕಾಪಡೆಯಲ್ಲಿ 1761ರಲ್ಲೇ ‘ಅಲಾರ್ಮ್’ ಎಂಬ ನೌಕೆಯ ಮೇಲೆ ಶುರುವಾಗಿತ್ತು. ಹುಳ ಬರಲಿಲ್ಲ, ನಿಜ. ಆದರೆ ಉಪ್ಪುನೀರಿನಲ್ಲಿ ತಾಮ್ರ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿದರೆ ಕಬ್ಬಿಣ ಬೇಗ ಕರಗುತ್ತದೆ. ಹಲಗೆ ಹಿಡಿದಿದ್ದ ಕಬ್ಬಿಣದ ಮೊಳೆಗಳೇ ತಿಂದುಹೋಗಿದ್ದವು. ಇನ್ನೊಂದು ಕಾರಣವೂ ಇದೆ. ತಾಮ್ರದ ತಗಡು ಕಿತ್ತುಬಂದರೆ ಪೆಸಿಫಿಕ್ ದ್ವೀಪವೊಂದರಲ್ಲಿ ಅದನ್ನು ಸರಿಮಾಡಲು ಏನೂ ಸಿಗುವುದಿಲ್ಲ. ಹಲಗೆಯಾದರೆ ಮರ ಕಡಿದು ಬಡಗಿಯೇ ಹೊಡೆಯಬಹುದು. ಈ ತೀರ್ಮಾನ ಸರಿ ಎಂದೇ ನಮ್ಮ ಅಭಿಪ್ರಾಯ.

ಕೈಕೊಟ್ಟದ್ದು ಹವಳದ ದಿಬ್ಬ. 1770ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಹಡಗು ಹವಳಕ್ಕೆ ಬಡಿದಾಗ ತಳದ ಹೊರಪದರ ಹಲವು ಕಡೆ ಕಿತ್ತುಹೋಯಿತು. ಅಲ್ಲಿ ಬೆತ್ತಲಾದ ಮೂಲ ಹಲಗೆಗೆ ಹುಳ ನುಗ್ಗಿತು. ಬಟಾವಿಯಾದಲ್ಲಿ ಹಡಗನ್ನು ವಾಲಿಸಿ ನೋಡಿದಾಗ, ಒಂದು ಜಾಗದಲ್ಲಿ ಎರಡೂವರೆ ಹಲಗೆಯಷ್ಟು ಅಗಲ, ಸುಮಾರು ಆರು ಅಡಿ ಉದ್ದ, ಉಳಿದಿದ್ದ ದಪ್ಪ ಒಂದು ಅಂಗುಲದ ಎಂಟನೇ ಒಂದು ಭಾಗ ಮಾತ್ರ. ಮೂರು ಮಿಲಿಮೀಟರ್ ಮರದ ಆಚೆ ಸಮುದ್ರವಿತ್ತು.

ಓಕ್‌ಗಿಂತ ಸಾಗುವಾನಿ ಹೆಚ್ಚು ಬಾಳುತ್ತದೆಯೇ ಎಂದೂ ಕೇಳಿದ್ದೀರಿ. ಓಕ್ ಮರದ ಹುಳಿ ಕಬ್ಬಿಣವನ್ನು ಕೊರೆಯುತ್ತದೆ, ಸಾಗುವಾನಿಯ ಎಣ್ಣೆ ಕಾಯುತ್ತದೆ, ಹಾಗಾಗಿ ಬಾಳಿಕೆಯಲ್ಲಿ ಸಾಗುವಾನಿಯೇ ಮೇಲು. ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ಸಾಗುವಾನಿಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಯುದ್ಧನೌಕೆ ಇಂದಿಗೂ ತೇಲುತ್ತಿದೆ. ಅದು ನಿಂತಿರುವುದು ಹಾರ್ಟಲ್‌ಪೂಲ್ ಬಂದರಿನಲ್ಲಿ, ವಿಟ್ಬಿಯಿಂದ ಅದೇ ಕರಾವಳಿಯಲ್ಲಿ ಸ್ವಲ್ಪ ಉತ್ತರಕ್ಕೆ.

ಪ್ರಶ್ನೆ: ಹಡಗಿನಲ್ಲಿ ಊಟಕ್ಕೆ ಏನೇನು ಒಯ್ದಿದ್ದರು? (ತುಮಕೂರು)

94 ಮಂದಿಗೆ: ಉಪ್ಪು ಹಾಕಿದ ಹಂದಿಮಾಂಸ 6,000 ತುಂಡು, ದನದ ಮಾಂಸ 4,000 ತುಂಡು, ಒಣ ಬಿಸ್ಕತ್ತಿನಂಥ ಬ್ರೆಡ್ಡು 9 ಟನ್, ಹಿಟ್ಟು 5 ಟನ್, ಉಪ್ಪಿನಲ್ಲಿ ಹುಳಿಬರಿಸಿದ ಎಲೆಕೋಸು 3 ಟನ್, ಒಣದ್ರಾಕ್ಷಿ 1 ಟನ್. ಜೊತೆಗೆ ಬಟಾಣಿ, ಓಟ್ಸ್, ಸಕ್ಕರೆ, ಎಣ್ಣೆ. ಕುಡಿಯಲು ಬಿಯರ್ 250 ಪೀಪಾಯಿ, ಬ್ರಾಂದಿ 44, ರಮ್ 17. ಹಾಲಿಗೆಂದು ಒಂದು ಮೇಕೆ, ಅದು ಅದಾಗಲೇ ಇನ್ನೊಂದು ಹಡಗಿನಲ್ಲಿ ಒಮ್ಮೆ ಭೂಮಿ ಸುತ್ತಿ ಬಂದಿತ್ತು.

ಹುಳಿ ಕೋಸನ್ನು ನಾವಿಕರು ಮುಟ್ಟಲಿಲ್ಲ. ಕುಕ್ ಬಲವಂತ ಮಾಡದೆ ಅಧಿಕಾರಿಗಳ ಮೇಜಿಗೆ ದಿನವೂ ಬಡಿಸಲು ಹೇಳಿದ. ಉಳಿದವರು ಬೇಕಿದ್ದರೆ ತಿನ್ನಲಿ, ಇಲ್ಲದಿದ್ದರೆ ಬಿಡಲಿ ಎಂದ. ವಾರದೊಳಗೆ ಎಲ್ಲರಿಗೂ ಅಳೆದು ಕೊಡುವಂತಾಯಿತು. ಆದರೂ ಸ್ಕರ್ವಿ (ತಾಜಾ ಸೊಪ್ಪು, ಹಣ್ಣು ಸಿಗದೆ ನಾವಿಕರಿಗೆ ಬರುತ್ತಿದ್ದ ರೋಗ) ತಡೆಯಲು ಕೋಸಿಗಿಂತ ಹೆಚ್ಚು ನೆರವಾದದ್ದು, ದಡ ಕಂಡ ಕಡೆಯೆಲ್ಲ ಸೊಪ್ಪು, ಹಣ್ಣು ತಂದು ಬೇಯಿಸಿ ತಿನ್ನಿಸಿದ್ದು.

ಪ್ರಶ್ನೆ: ಹವಳದ ದಿಬ್ಬಕ್ಕೆ ಬಡಿದ ಹಡಗನ್ನು ‘ಉಣ್ಣೆಯಿಂದ’ ಉಳಿಸಿದರು ಎಂದು ಓದಿದ್ದೆ. ಉಣ್ಣೆ ನೀರು ತಡೆಯುವುದು ಹೇಗೆ? (ಮಂಗಳೂರು)

ಇದನ್ನು ವಿವರವಾಗಿಯೇ ಹೇಳಬೇಕು. ಹಂತಹಂತವಾಗಿ ನೋಡಿದರೆ ಪವಾಡವೇನೂ ಇಲ್ಲ, ಕಸುಬಿನ ಅರಿವಿದೆ.

ರಾತ್ರಿ ಹನ್ನೊಂದರ ಹೊತ್ತಿಗೆ ಆಳ 17 ಮಾರು ಎಂದು ಅಳೆದಿದ್ದರು. ಮತ್ತೊಮ್ಮೆ ಗುಂಡು ಎಸೆಯುವುದರೊಳಗೆ ಹಡಗು ಬಡಿದು ನಿಂತಿತು. ಹವಳದ ದಿಬ್ಬ ಮರಳದಿಬ್ಬದ ಹಾಗೆ ಮೆಲ್ಲಗೆ ಏರುವುದಿಲ್ಲ, ಗೋಡೆಯಂತೆ ನೆಟ್ಟಗೆ ಏಳುತ್ತದೆ. ಅದಕ್ಕೇ ಮುನ್ಸೂಚನೆ ಸಿಗಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಬಡಿದದ್ದು ಪೂರ್ತಿ ಉಬ್ಬರದ ಹೊತ್ತಿನಲ್ಲಿ. ನೀರು ಇನ್ನು ಇಳಿಯುವುದೇ ಹೊರತು ಏರಿ ಎತ್ತುವುದಿಲ್ಲ.

ಮೊದಲು ಹಾಯಿಗಳನ್ನೆಲ್ಲ ಇಳಿಸಿದರು. ಗಾಳಿ ಇನ್ನಷ್ಟು ಒಳಕ್ಕೆ ತಳ್ಳಬಾರದು. ಆಮೇಲೆ ಸಣ್ಣ ದೋಣಿಗಳಲ್ಲಿ ಲಂಗರುಗಳನ್ನು ಆಳದ ನೀರಿಗೆ ಒಯ್ದು ಬಿಟ್ಟು, ಹಗ್ಗವನ್ನು ಹಡಗಿನ ಮೇಲಿನ ದೊಡ್ಡ ರಾಟೆಗಳಿಗೆ ಸುತ್ತಿ ಎಳೆದರು. ಹಡಗು ಅಲುಗಲಿಲ್ಲ. ಆಗ ಭಾರ ಇಳಿಸುವ ಕೆಲಸ: ಆರು ಫಿರಂಗಿ, ತಳದಲ್ಲಿ ಭಾರಕ್ಕೆಂದು ಇಟ್ಟಿದ್ದ ಕಬ್ಬಿಣ ಮತ್ತು ಕಲ್ಲು, ಪೀಪಾಯಿ, ಎಣ್ಣೆಯ ಜಾಡಿ, ಕೆಟ್ಟ ಸಾಮಾನು, ಒಟ್ಟು 40–50 ಟನ್ ಸಮುದ್ರಕ್ಕೆ ಹೋಯಿತು. ಮರುದಿನ ಹಗಲಿನ ಉಬ್ಬರ ಬಂದಾಗ ಇನ್ನೂ ಒಂದೂವರೆ ಅಡಿ ನೀರು ಸಾಲಲಿಲ್ಲ. ಅಲ್ಲಿ ರಾತ್ರಿಯ ಉಬ್ಬರ ಹಗಲಿನದಕ್ಕಿಂತ ಎತ್ತರ. ಅದು ಅವರ ಪುಣ್ಯ. ಸುಮಾರು 23 ಗಂಟೆ ಸಿಕ್ಕಿಕೊಂಡಿದ್ದು, ರಾತ್ರಿ ಹತ್ತು ದಾಟಿದ ಮೇಲೆ ಹಡಗು ಬಿಡಿಸಿಕೊಂಡಿತು.

ಬಿಡಿಸಿಕೊಂಡರೆ ಮುಳುಗುವ ಭಯ. ನಾಲ್ಕು ಪಂಪುಗಳಲ್ಲಿ ಮೂರು ಮಾತ್ರ ಕೆಲಸ ಮಾಡುತ್ತಿದ್ದವು. ಇದೇ ಹೊತ್ತಿಗೆ ಒಂದು ಅಳತೆಯ ತಪ್ಪು ಎಲ್ಲರ ಎದೆ ನಡುಗಿಸಿತು. ಒಡಲಿನ ನೀರು ಅಳೆಯುವವನು ಬದಲಾಗಿದ್ದ. ಹಿಂದಿನವನು ಒಳಹಲಗೆಯಿಂದ ಮೇಲಕ್ಕೆ ಅಳೆಯುತ್ತಿದ್ದ, ಹೊಸಬ ಹೊರಹಲಗೆಯಿಂದ ಅಳೆದ. ಎರಡರ ನಡುವೆ 16–18 ಅಂಗುಲ ವ್ಯತ್ಯಾಸ. ನೀರು ಒಮ್ಮೆಲೇ ಅಷ್ಟು ಏರಿತು ಎಂದು ಎಲ್ಲರೂ ತಿಳಿದರು. ತಪ್ಪು ತಿಳಿದಾಗ ಎರಡುಪಟ್ಟು ಹುರುಪಿನಿಂದ ಪಂಪು ಹೊಡೆದರು.

ಈಗ ಉಣ್ಣೆಯ ವಿಷಯ. ಹಳೇ ಹಗ್ಗ ಬಿಡಿಸಿದ ನಾರು ಮತ್ತು ಉಣ್ಣೆಯನ್ನು ಸಣ್ಣಗೆ ಕತ್ತರಿಸಿ ಬೆರೆಸಿದರು. ಅದನ್ನು ಮುಷ್ಟಿಮುಷ್ಟಿಯಾಗಿ ಹಾಯಿಯೊಂದರ ಮೇಲೆ ಸಡಿಲವಾಗಿ ಹೊಲಿದು, ಮೇಲೆ ಕುರಿಹಿಕ್ಕೆ ಮುಂತಾದ ಕಸ ಹರಡಿದರು. ಆ ಹಾಯಿಯನ್ನು ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಹಡಗಿನ ತಳದಡಿ ಎಳೆದರು. ತೂತಿರುವಲ್ಲಿ ನೀರು ರಭಸದಿಂದ ಒಳಕ್ಕೆ ಹೋಗುತ್ತಿರುತ್ತದೆ. ಆ ಸೆಳೆತವೇ ಉಣ್ಣೆ, ನಾರನ್ನು ಹಾಯಿಯಿಂದ ಕಿತ್ತು ಸಂದಿನೊಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಹೊಲಿಗೆ ಸಡಿಲವಾಗಿರಬೇಕು. ಗಟ್ಟಿಯಾಗಿ ಹೊಲಿದರೆ ಕೆಲಸವೇ ಆಗದು. ಸಂದು ಮುಚ್ಚಿದ ಮೇಲೆ ಹೊರಗಿನ ನೀರಿನ ಒತ್ತಡ ಹಾಯಿಯನ್ನು ಹಲಗೆಗೆ ಅಂಟಿಸುತ್ತದೆ. ನೀರು ತಡೆದದ್ದು ಉಣ್ಣೆಯ ಗುಣವಲ್ಲ, ಒಳನುಗ್ಗುವ ನೀರಿನ ಸೆಳೆತವೇ. ಕೆಲಸ ನಡೆಸಿದವನು ಜೊನಾಥನ್ ಮಂಕ್‌ಹೌಸ್ ಎಂಬ ತರುಣ ಅಧಿಕಾರಿ. ಅವನು ಇದನ್ನು ಹಿಂದೆ ವರ್ಜೀನಿಯಾದಿಂದ ಬಂದ ವ್ಯಾಪಾರಿ ಹಡಗೊಂದರಲ್ಲಿ ಕಂಡಿದ್ದ. ಅಲ್ಲಿಂದ ಮುಂದೆ ಒಂದೇ ಪಂಪು ಸಾಕಾಯಿತು.

ಇಂದಿನ ಕುಕ್‌ಟೌನ್ ಇರುವ ನದಿಯ ಬಾಯಲ್ಲಿ ಹಡಗನ್ನು ದಡಕ್ಕೆ ಎಳೆದಾಗ ಇನ್ನೊಂದು ಸಂಗತಿ ಗೊತ್ತಾಯಿತು. ದೊಡ್ಡ ತೂತಿನಲ್ಲಿ ಹವಳದ ತುಂಡೊಂದು ಮುರಿದು ಬಿರಡೆಯಂತೆ ಕೂತಿತ್ತು. ಅದು ಬಿದ್ದುಹೋಗಿದ್ದರೆ ಉಣ್ಣೆ ಸಾಲುತ್ತಿರಲಿಲ್ಲ. ರಿಪೇರಿಗೆ ಸುಮಾರು ಏಳು ವಾರ ಹಿಡಿಯಿತು. ಎಸೆದಿದ್ದ ಆರೂ ಫಿರಂಗಿಗಳು 1969ರಲ್ಲಿ ಹವಳದ ನಡುವೆ ಸಿಕ್ಕವು.

ಪ್ರಶ್ನೆ: ಒಂದು ಕಡೆ ಜೂನ್ 10, ಇನ್ನೊಂದು ಕಡೆ ಜೂನ್ 11 ಎಂದಿದೆ. ಯಾವುದು ಸರಿ? (ಧಾರವಾಡ)

ಎರಡೂ ಸರಿ. ಹಡಗಿನ ದಿನಚರಿಯಲ್ಲಿ ದಿನ ಶುರುವಾಗುವುದು ಮಧ್ಯಾಹ್ನ ಹನ್ನೆರಡಕ್ಕೆ. ಹಾಗಾಗಿ ಸಾಮಾನ್ಯ ಲೆಕ್ಕದ 10ರ ರಾತ್ರಿ ದಿನಚರಿಯಲ್ಲಿ 11. ಅಲ್ಲದೆ ಪಶ್ಚಿಮಕ್ಕೆ ಸಾಗುತ್ತ ಹೋದ ಹಡಗು ಒಂದು ದಿನ ಹಿಂದೆ ಬಿದ್ದಿತ್ತು, ಬಟಾವಿಯಾ ತಲುಪುವವರೆಗೆ ಅದನ್ನು ತಿದ್ದಲಿಲ್ಲ. ಈಗಿನ ಆಸ್ಟ್ರೇಲಿಯಾದ ಕ್ಯಾಲೆಂಡರಿಗೆ ಹೊಂದಿಸಿದರೆ ಆ ರಾತ್ರಿ ಮತ್ತೆ ಜೂನ್ 11 ಆಗುತ್ತದೆ.

ಪ್ರಶ್ನೆ: ಇಷ್ಟು ಹೆಸರು ಮಾಡಿದ ಹಡಗನ್ನು ಇಂಗ್ಲೆಂಡಿನವರು ಏಕೆ ಕಾಪಾಡಿಕೊಳ್ಳಲಿಲ್ಲ? ಕೊನೆಗೆ ಏನಾಯಿತು? (ಮೈಸೂರು)

ಹೆಸರು ಮಾಡಿದ್ದು ಜನ, ಹಡಗಲ್ಲ ಎಂಬುದು ಆಗಿನವರ ಭಾವನೆ. 1771ರ ಜುಲೈಯಲ್ಲಿ ಬಂದ ಹಡಗನ್ನು ಅದೇ ವರ್ಷ ದುರಸ್ತಿ ಮಾಡಿ, ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳಿಗೆ ಸಾಮಾನು ಸಾಗಿಸಲು ಹಚ್ಚಿದರು. 1774ರವರೆಗೆ ಅಂಥ ಮೂರು ಪ್ರಯಾಣಗಳಾದವು. 1775ರ ಮಾರ್ಚ್‌ನಲ್ಲಿ 645 ಪೌಂಡಿಗೆ ಮಾರಿಬಿಟ್ಟರು. ಕೊಂಡಾಗ ಎರಡು ಸಾವಿರ ಪೌಂಡಿಗೂ ಮೀರಿ ಕೊಟ್ಟಿದ್ದರು. ಹನ್ನೊಂದು ವರ್ಷದ ಮರದ ಹಡಗಿಗೆ, ಅದೂ ಹುಳ ತಿಂದದ್ದಕ್ಕೆ, ಅದು ಕಡಿಮೆ ಬೆಲೆಯೇನಲ್ಲ. ಹೊಸ ಮಾಲೀಕ ಜೆ. ಮೇಥರ್ ಅದನ್ನು ಮತ್ತೆ ವ್ಯಾಪಾರಕ್ಕೆ ಇಳಿಸಿದ. ಉತ್ತರ ರಷ್ಯಾದ ಆರ್ಖಾಂಗೆಲ್ಸ್ಕ್‌ಗೆ ಒಮ್ಮೆಯಾದರೂ ಹೋಗಿಬಂದಿದೆ.

ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ. ಸೈನಿಕರನ್ನು ಸಾಗಿಸಲು ಸರ್ಕಾರ ಹಡಗು ಬಾಡಿಗೆಗೆ ಕೇಳಿತು. ಮೇಥರ್ ಒಪ್ಪಿಸಿದ ಹಡಗನ್ನು ತಪಾಸಣೆಯವರು ಅಯೋಗ್ಯ ಎಂದು ತಳ್ಳಿಹಾಕಿದರು. ಅವನು ಒಂದಷ್ಟು ರಿಪೇರಿ ಮಾಡಿಸಿ, ‘ಲಾರ್ಡ್ ಸ್ಯಾಂಡ್‌ವಿಚ್’ ಎಂದು ಹೆಸರು ಬದಲಿಸಿ ಮತ್ತೆ ತಂದ. ಹೆಸರು ಆಗಿನ ನೌಕಾಡಳಿತದ ಮುಖ್ಯಸ್ಥನದು. ತಪಾಸಣೆಯವರು ಗುರುತು ಹಿಡಿದು, ಇದು ಹಿಂದೆ ತಿರಸ್ಕರಿಸಿದ ಎಂಡೆವರ್ ಎಂದೇ ಬರೆದಿಟ್ಟರು. ಹೆಸರುಗಳ ಈ ಸರಪಳಿ ನಮಗೆ ತಿಳಿದಿರುವುದಕ್ಕೆ ಆ ಟಿಪ್ಪಣಿಯ ಉಪಕಾರ ದೊಡ್ಡದು. ಮೂರನೇ ಸಲ, ದೊಡ್ಡ ರಿಪೇರಿಯ ನಂತರ ಒಪ್ಪಿದರು. ಅದೇ ಹೆಸರಿನ ಬೇರೆ ಹಡಗೂ ಇದ್ದುದರಿಂದ ಕಡತದಲ್ಲಿ ಇದು ‘ಲಾರ್ಡ್ ಸ್ಯಾಂಡ್‌ವಿಚ್ 2’.

1776ರ ಮೇ 6ರಂದು 206 ಮಂದಿಯೊಂದಿಗೆ, ಹೆಚ್ಚಿನವರು ಜರ್ಮನಿಯ ಹೆಸ್ಸೆನ್‌ನಿಂದ ಕೂಲಿಗೆ ತಂದ ಸೈನಿಕರು, ಪೋರ್ಟ್ಸ್‌ಮತ್‌ನಿಂದ ಹೊರಟಿತು. 94 ಮಂದಿಗೇ ಇಕ್ಕಟ್ಟಾಗಿದ್ದ ಹಡಗು ಅದು. ಅಮೆರಿಕದ ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಲ್ಲಿ ಆಮೇಲೆ ಅದನ್ನು ತೇಲುವ ಸೆರೆಮನೆ ಮಾಡಿದರು. 1778ರ ಆಗಸ್ಟ್ ಮೊದಲ ವಾರ ಫ್ರೆಂಚ್ ನೌಕಾಪಡೆ ಬಂದಾಗ, ಬಂದರಿಗೆ ಅಡ್ಡಗಟ್ಟಲು ಬ್ರಿಟಿಷರು ತಮ್ಮ ಹಳೆಯ ಸಾಗಣೆ ಹಡಗುಗಳನ್ನು ತಳ ಕೊರೆದು ಸಾಲಾಗಿ ಮುಳುಗಿಸಿದರು. ಅವುಗಳಲ್ಲಿ ಇದೂ ಒಂದು.

ಪ್ರಶ್ನೆ: ಅವಶೇಷ ಸಿಕ್ಕಿದೆ ಎಂಬ ಸುದ್ದಿ ನಿಜವೇ? (ಬೆಂಗಳೂರು)

ಆಸ್ಟ್ರೇಲಿಯಾದ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯ 2022ರ ಫೆಬ್ರವರಿಯಲ್ಲಿ, ನ್ಯೂಪೋರ್ಟ್ ಬಂದರಿನ ‘ಆರ್‌ಐ 2394’ ಎಂಬ ಗುರುತಿನ ಅವಶೇಷವೇ ಇದು ಎಂದು ಸಾರಿತು. 2025ರ ಅಂತಿಮ ವರದಿಯಲ್ಲೂ ಹಾಗೇ ಹೇಳಿತು. ಅಲ್ಲೇ ದಶಕಗಳಿಂದ ಮುಳುಗಿ ಹುಡುಕುತ್ತಿರುವ ರೋಡ್ ಐಲೆಂಡ್ ಸಾಗರ ಪುರಾತತ್ವ ತಂಡ ಈ ಘೋಷಣೆಯನ್ನು ಒಪ್ಪಲಿಲ್ಲ. ವಾದದ ತಿರುಳು ಇದು: ಹೆಸರು ಕೆತ್ತಿದ ಗಂಟೆಯಂಥ ವಸ್ತು ಏನೂ ಸಿಕ್ಕಿಲ್ಲ, ಸಿಗುವ ಸಂಭವವೂ ಕಡಿಮೆ, ಏಕೆಂದರೆ ಮುಳುಗಿಸುವ ಮೊದಲು ಬೆಲೆಬಾಳುವುದನ್ನೆಲ್ಲ ಕಳಚಿಕೊಂಡಿರುತ್ತಾರೆ. ಉಳಿದ ಸಾಕ್ಷಿ ಮರದ ಜಾತಿ, ದಿಮ್ಮಿಗಳ ಅಳತೆ, ಪಂಪಿನ ಜಾಗ, ಅಡಿಮರ ಮೂತಿಗೆ ಸೇರುವ ಜೋಡಣೆಯ ಆಕಾರ. ಇವು 1768ರ ನೌಕಾಪಡೆಯ ನಕ್ಷೆಗೆ ಹೊಂದುತ್ತವೆ. ನಮಗೆ ಈ ಸಾಕ್ಷಿ ಬಲವಾಗಿಯೇ ಕಾಣುತ್ತದೆ. ಉಳಿದ ಮರವನ್ನು ಇಂದೂ ಅದೇ ಹುಳ ತಿನ್ನುತ್ತಿದೆ.

ಪ್ರಶ್ನೆ: ಮರದಲ್ಲಿ ಇದರ ಮಾದರಿ ಮಾಡುವ ಆಸೆ. ಅಳತೆ ಕೊಡಿ. ಎಲ್ಲಿ ತಪ್ಪುತ್ತದೆ ಎಂಬುದನ್ನೂ ತಿಳಿಸಿ. (ಉಡುಪಿ)

ಡೆಕ್ಕಿನ ಉದ್ದ 97 ಅಡಿ 8 ಅಂಗುಲ (29.77 ಮೀಟರ್), ಅಗಲ 29 ಅಡಿ 2 ಅಂಗುಲ (8.89 ಮೀಟರ್), ಒಡಲಿನ ಆಳ 11 ಅಡಿ 4 ಅಂಗುಲ (3.45 ಮೀಟರ್). 64ರಲ್ಲಿ ಒಂದು ಪ್ರಮಾಣದಲ್ಲಿ ಮಾಡಿದರೆ ಉದ್ದ 46.5 ಸೆಂಟಿಮೀಟರ್, ಅಗಲ 13.9. ಮೂತಿಯ ಮುಂದಿನ ಓರೆಗಂಬ ಇದರಲ್ಲಿ ಸೇರಿಲ್ಲ, ಪೆಟ್ಟಿಗೆ ಮಾಡಿಸುವಾಗ ಅದಕ್ಕೆ ಜಾಗ ಬಿಡಿ.

ಹೆಚ್ಚಿನವರು ತಪ್ಪುವುದು ಮೂತಿಯಲ್ಲಿ. ತೆಳು ಹಲಗೆಯನ್ನು ಅಷ್ಟು ಗಿಡ್ಡ ತಿರುವಿಗೆ ಬಗ್ಗಿಸಲು ಬಿಸಿನೀರಲ್ಲಿ ನೆನೆಸಿ, ಅಚ್ಚಿಗೆ ಕಟ್ಟಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ಹಸಿಯಲ್ಲಿ ಅಂಟಿಸಿದರೆ ಒಣಗಿದಾಗ ಕುಗ್ಗಿ ಸಂದು ಬಿಡುತ್ತದೆ. ತಳಕ್ಕೆ ತಾಮ್ರದ ತಗಡು ಬೇಡ. ಮೂತಿಯಲ್ಲಿ ಗೊಂಬೆಯೂ ಬೇಡ, ಈ ಜಾತಿಯ ಹಡಗಿಗೆ ಅದು ಇರಲಿಲ್ಲ. ಹಗ್ಗದ ಕೆಲಸಕ್ಕೆ ತಾಳ್ಮೆ ಇಟ್ಟುಕೊಳ್ಳಿ: ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ ಕಟ್ಟಿ 1993ರಲ್ಲಿ ನೀರಿಗಿಳಿಸಿದ ಪೂರ್ಣಗಾತ್ರದ ಪ್ರತಿಕೃತಿಯಲ್ಲಿ ಸುಮಾರು 30 ಕಿಲೋಮೀಟರ್ ಹಗ್ಗ, 750 ರಾಟೆಗಳಿವೆ.

ಯಾವ ವರ್ಷದ ಹಡಗು ಮಾಡುತ್ತೀರಿ ಎಂಬುದನ್ನು ಮೊದಲೇ ತೀರ್ಮಾನಿಸಿ. 1768ರ ನಂತರದ್ದಾದರೆ ಹತ್ತು ಫಿರಂಗಿ, ಹನ್ನೆರಡು ತಿರುಗುವ ಕಿರುಫಿರಂಗಿ, ಒಳಗೆ ಹೊಸದಾಗಿ ತೂರಿಸಿದ ಡೆಕ್ಕು ಬೇಕು. ಅಲ್ಲಿ ಅಧಿಕಾರಿಗಳ ಕೋಣೆಯ ಎತ್ತರ ನಾಲ್ಕೂವರೆ ಅಡಿಯಷ್ಟೇ ಇತ್ತು. 1770ರ ಜೂನ್ ನಂತರದ್ದಾದರೆ ಫಿರಂಗಿ ನಾಲ್ಕೇ. 1764ರದ್ದಾದರೆ ಇವೊಂದೂ ಇಲ್ಲ, ಒಡಲು ಪೂರ್ತಿ ತೆರವು, ಕಲ್ಲಿದ್ದಲಿಗೆ ದೊಡ್ಡ ಬಾಯಿ, ಹಿಂಬದಿಯಲ್ಲಿ ‘ಅರ್ಲ್ ಆಫ್ ಪೆಂಬ್ರೋಕ್’ ಎಂಬ ಹೆಸರು. ಮೊದಲ ಸಲ ಮಾಡುವವರಿಗೆ ಇದೇ ಸುಲಭ. ಇದನ್ನು ಮಾಡಿದವರೂ ಕಡಿಮೆ.